ಹಳೆ ಝೆನ್ ಡೀಸೆಲ್‌ಗೆ ಸ್ವಿಫ್ಟ್‌ನ 1.3 ಎಂಜಿನ್ ಕೂರಿಸಬಹುದಾ?

ಕಟಪಾಡಿ ಝೆನ್

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ 2000ನೇ ಇಸವಿಯ ಝೆನ್ ಡೀಸೆಲ್ ಉಂಟು. ಕೆಎ-20, ಅಪ್ಪ ಹೊಸದಾಗಿ ತಂದದ್ದು, ಬೇರೆಯವರ ಕೈಗೆ ಹೋಗಿಲ್ಲ. ಆರ್‌ಸಿ ರಿನ್ಯೂ ಆಗಿದೆ, ಇನ್ಶೂರೆನ್ಸ್ ಚಾಲ್ತಿಯಲ್ಲಿದೆ. ಎಂಜಿನ್ ಪಿಯುಜೊ ಕಂಪೆನಿಯ 1.5, ಟರ್ಬೋ ಇಲ್ಲದ ಹಳೇ ಕಾಲದ್ದು.

ಈಗ ಅದಕ್ಕೆ ವಯಸ್ಸಾಗಿದೆ. ಬೆಳಿಗ್ಗೆ ಸೆಲ್ಫ್ ಹೊಡೆದು ಹೊಡೆದು ಬ್ಯಾಟರಿ ಸುಸ್ತಾದ ಮೇಲೆ ಸ್ಟಾರ್ಟ್ ಆಗುತ್ತದೆ, ಆದ ಕೂಡಲೇ ಅಂಗಳ ತುಂಬ ಬಿಳಿ ಹೊಗೆ. ಆಯಿಲ್ ಮುಚ್ಚಳ ತೆಗೆದರೆ ಅಲ್ಲಿಂದಲೂ ಪುಸ ಪುಸ ಅಂತ ಹೊಗೆ. ಕೂಲೆಂಟ್ ಸ್ವಲ್ಪ ಸ್ವಲ್ಪ ಕಮ್ಮಿ ಆಗುತ್ತದೆ, ನೆಲದಲ್ಲಿ ಮಾತ್ರ ಒಂದು ಹನಿಯೂ ಕಾಣುವುದಿಲ್ಲ. ಗ್ಯಾರೇಜಿನವರು ಹೇಳುವುದು ಒಂದೇ: "ಇದು ಮುಗಿದ ಕಥೆ, ಪಾರ್ಟ್ಸ್ ಸಿಗುವುದಿಲ್ಲ, ಸ್ವಿಫ್ಟ್‌ನ ಎಂಜಿನ್ ಹಾಕಿ ಬಿಡಿ." ಬೈಕಂಪಾಡಿ ಕಡೆ ಗುಜರಿಯಲ್ಲಿ ಹಿಂದಿನಿಂದ ಗುದ್ದಿಸಿಕೊಂಡ ಒಂದು ಸ್ವಿಫ್ಟ್ ಡೀಸೆಲ್ ನಿಂತಿದೆಯಂತೆ, ಎಂಜಿನ್ ಚೆನ್ನಾಗಿದೆಯಂತೆ.

ನನಗೆ ರೇಸ್ ಮಾಡಲಿಕ್ಕಿಲ್ಲ. ಉಡುಪಿ–ಮಂಗಳೂರು ಹೋಗಿ ಬರಬೇಕು, ಆಗಾಗ ಆಗುಂಬೆ ಹತ್ತಿ ತೀರ್ಥಹಳ್ಳಿಗೆ ಹೋಗಬೇಕು. ಮೂರು ಪ್ರಶ್ನೆ. ಎಂಜಿನ್ ಆ ಜಾಗದಲ್ಲಿ ಕೂರುತ್ತದಾ? ವಯರಿಂಗ್ ಯಾರು ಮಾಡುತ್ತಾರೆ? ಆರ್‌ಟಿಒದಲ್ಲಿ ಎಂತ ಹೇಳುತ್ತಾರೆ? ಕಾರಲ್ಲಿ ಮೊದಲಿನಿಂದಲೂ ಡೀಸೆಲ್ಲೇ ಇರುವುದರಿಂದ ತೊಂದರೆ ಇರಲಿಕ್ಕಿಲ್ಲ ಅಂತ ನನ್ನ ಲೆಕ್ಕ.

ಪುತ್ತೂರು ಅಡಿಕೆ

ಹಾಕಿ ಹಾಕಿ. ಆಮೇಲೆ ಆಗುಂಬೆಯ 14 ತಿರುವಲ್ಲಿ ಎಂಜಿನ್ ಮೊದಲು ಮೇಲೆ ಹೋಗುತ್ತದೆ, ಬಾಡಿ ನಿಧಾನಕ್ಕೆ ಹಿಂದಿನಿಂದ ಬರುತ್ತದೆ.

ಮಣಿಪಾಲ್ ಹುಡುಗ

ಸೂಪರ್ ಪ್ರಾಜೆಕ್ಟ್ ಅಣ್ಣಾ! ಸ್ವಿಫ್ಟ್‌ನ ಎಂಜಿನ್ ಅಂದರೆ ಫಿಯಟ್‌ನ 1.3 ಮಲ್ಟಿಜೆಟ್, 1248 ಸಿಸಿ, 75 ಪಿಎಸ್, 2000 ಆರ್‌ಪಿಎಂನಲ್ಲೇ 190 ಎನ್ಎಂ ಟಾರ್ಕ್, ಅಂದರೆ ಎಳೆಯುವ ಶಕ್ತಿ. ನಿಮ್ಮ ಪಿಯುಜೊ 1527 ಸಿಸಿ ಇದ್ದರೂ 57–58 ಎಚ್‌ಪಿ ಅಷ್ಟೇ, ಟಾರ್ಕ್ ಇದರ ಅರ್ಧದಷ್ಟು. ಸಣ್ಣ ಕಾರಲ್ಲಿ ಅಷ್ಟು ಟಾರ್ಕ್ ಸಿಕ್ಕಿದರೆ ಘಾಟಿ ಘಾಟಿಯೇ ಅಲ್ಲ. 90 ಪಿಎಸ್‌ನ ವಿಜಿಟಿ ಟರ್ಬೋದ್ದು ಸಿಕ್ಕಿದರೆ ಇನ್ನೂ ಮಜಾ, ಎಸ್‌ಎಕ್ಸ್4, ಎರ್ಟಿಗಾದಲ್ಲಿ ಬಂದದ್ದು.

ಯೆಯ್ಯಾಡಿ ಲೇತ್

ಹುಡುಗ ಹೇಳಿದ ನಂಬರ್ ಸರಿ. ಆದರೆ ನಂಬರ್ ಕೂರಿಸಲಿಕ್ಕೆ ಫೌಂಡೇಶನ್ (ಎಂಜಿನ್ ಹಿಡಿದುಕೊಳ್ಳುವ ಮೌಂಟ್) ಬೇಡ, ಎಂಜಿನ್‌ಗೆ ಬೇಕು.

ನಾನು ಲೇತ್ ಮತ್ತು ವೆಲ್ಡಿಂಗ್ ಕೆಲಸದವ. ಇಂಥ ಕೆಲಸ ಹಿಡಿದುಕೊಂಡು ಬರುವವರಿಗೆ ಮೊದಲು ಹೇಳುವುದು ಒಂದೇ. ಎಂಜಿನ್ ಒಂದನ್ನೇ ತರಬೇಡಿ, ಗೇರ್‌ಬಾಕ್ಸ್ ಸಮೇತ ತನ್ನಿ. ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಬೆಲ್ ಹೌಸಿಂಗ್‌ನ ಬೋಲ್ಟ್ ಜಾಗ ಬೇರೆ ಬೇರೆ ಇರುತ್ತದೆ. ಅಡಾಪ್ಟರ್ ಪ್ಲೇಟ್ ಮಾಡಬಹುದು, ಆದರೆ ಕೂದಲೆಳೆಯಷ್ಟು ಸೆಂಟರ್ ತಪ್ಪಿದರೂ ಗೇರ್‌ಬಾಕ್ಸ್ ಶಾಫ್ಟ್‌ನ ಬೇರಿಂಗ್ ತಿಂದುಹಾಕುತ್ತದೆ. ಅಲ್ಲದೆ ಝೆನ್‌ನ ಗೇರ್‌ಬಾಕ್ಸ್ ಎರಡು ಪಟ್ಟು ಟಾರ್ಕ್ ತಡೆದುಕೊಳ್ಳಲಿಕ್ಕೆ ಮಾಡಿದ್ದಲ್ಲ.

ಗೇರ್‌ಬಾಕ್ಸ್ ಸ್ವಿಫ್ಟ್‌ನದ್ದು ಬಂತು ಅಂದರೆ ಮುಂದಿನ ಕೆಲಸ ಆಕ್ಸಲ್. ಒಳಗಿನ ಜಾಯಿಂಟ್ ಸ್ವಿಫ್ಟ್‌ನದ್ದು ಬೇಕು, ಚಕ್ರದ ಕಡೆಯ ಜಾಯಿಂಟ್ ಝೆನ್‌ನದ್ದು ಬೇಕು, ನಡುವಿನ ಶಾಫ್ಟ್ ಹೊಸದಾಗಿ ಉದ್ದ ಅಳೆದು ಮಾಡಬೇಕು. ಶಾಫ್ಟ್ ಕತ್ತರಿಸಿ ನಡುವೆ ವೆಲ್ಡ್ ಮಾಡಿ ಕೊಡುತ್ತೇನೆ ಅನ್ನುವವರು ಸಿಗುತ್ತಾರೆ. ಅವರ ಅಂಗಡಿ ಕಡೆ ತಲೆ ಹಾಕಬೇಡಿ. ಸರಿಯಾದ ಸ್ಟೀಲಿನಲ್ಲಿ ಸ್ಪ್ಲೈನ್ (ತುದಿಯ ಹಲ್ಲು) ಕತ್ತರಿಸಿ ಹೀಟ್ ಟ್ರೀಟ್‌ಮೆಂಟ್ ಮಾಡಿಸಬೇಕು.

ಇನ್ನು ಎತ್ತರ. ಮಲ್ಟಿಜೆಟ್ ನೋಡಿದವರಿಗೆ ಗೊತ್ತು, ಏರ್ ಫಿಲ್ಟರ್‌ನ ದೊಡ್ಡ ಕಪ್ಪು ಡಬ್ಬಿ ಎಂಜಿನ್ ತಲೆಯ ಮೇಲೆಯೇ ಕೂತಿರುತ್ತದೆ. ಝೆನ್‌ನ ಬಾನೆಟ್ ತೀರಾ ತಗ್ಗು. ಡಬ್ಬಿ ತೆಗೆದು ಬೇರೆ ಕಡೆ ಇಟ್ಟು ಪೈಪ್ ಎಳೆಯಬಹುದು, ಅದು ದೊಡ್ಡ ವಿಷಯ ಅಲ್ಲ. ದೊಡ್ಡ ವಿಷಯ ಯಾವುದೆಂದರೆ ಬಾನೆಟ್ ಮುಚ್ಚಲಿ ಅಂತ ಎಂಜಿನನ್ನು ತಗ್ಗಿಸುತ್ತಾ ಹೋದರೆ ಆಯಿಲ್ ಚೇಂಬರ್ ರಸ್ತೆಗೆ ಹತ್ತಿರ ಬರುತ್ತದೆ, ನಮ್ಮ ಒಳರಸ್ತೆಗಳ ಹಂಪ್‌ಗಳಿಗೆ ಅಷ್ಟೇ ಸಾಕು. ಎತ್ತರಿಸಿದರೆ ಬಾನೆಟ್ ಕತ್ತರಿಸಬೇಕು. ಎರಡರ ನಡುವೆ ಸಿಗುವ ಜಾಗ ಬೆರಳೆಣಿಕೆ ಇಂಚು.

ಇದಕ್ಕೆಲ್ಲ ಮೊದಲು ಒಂದು ಕೆಲಸ ಮಾಡಿ. ಬ್ಯಾಟರಿ ಟ್ರೇ ಬಿಚ್ಚಿ, ಅದರ ಅಡಿಯಲ್ಲಿ ಚಾಸಿಗೆ ಒಂದು ಹಳೇ ಸ್ಕ್ರೂಡ್ರೈವರ್ ಹಿಡಿದು ಒತ್ತಿ. ಪೇಂಟ್ ಚೆನ್ನಾಗಿ ಕಂಡರೂ ಒತ್ತಿ. ಕಡಲ ಬದಿಯಲ್ಲಿ 25 ವರ್ಷ ಇದ್ದ ಕಾರು ಅದು. ಟಕ್ ಅಂತ ಗಟ್ಟಿ ಶಬ್ದ ಬಂದರೆ ಮುಂದೆ ಮಾತಾಡುವ. ತುದಿ ಒಳಗೆ ಹೋಗಿ ಕಂದು ಪುಡಿ ಉದುರಿದರೆ ಅಲ್ಲಿಗೆ ಹೊಸ ಫೌಂಡೇಶನ್ ವೆಲ್ಡ್ ಮಾಡಿ ಉಪಯೋಗ ಇಲ್ಲ.

ಸುರತ್ಕಲ್ ವಯರಿಂಗ್

ಲೇತ್ ಅಣ್ಣನ ಕೆಲಸ ಕಣ್ಣಿಗೆ ಕಾಣುತ್ತದೆ, ನನ್ನದು ಕಾಣುವುದಿಲ್ಲ. ಇಂಥ ಕಾರುಗಳು ಅರ್ಧಕ್ಕೆ ನಿಂತು ಶೆಡ್ಡಿನಲ್ಲಿ ಕೊಳೆಯುವುದು ವಯರಿಂಗ್‌ನಲ್ಲೇ.

ನಿಮ್ಮ ಪಿಯುಜೊ ಎಂಜಿನ್‌ಗೆ ಕರೆಂಟ್ ಎಷ್ಟು ಬೇಕು ಗೊತ್ತುಂಟಾ? ಹೀಟರ್ ಪ್ಲಗ್‌ಗೆ ಒಂದು ಲೈನ್, ಪಂಪ್ ಮೇಲೆ ಡೀಸೆಲ್ ಬಿಡುವ, ನಿಲ್ಲಿಸುವ ಸ್ಟಾಪ್ ಸೊಲೆನಾಯ್ಡ್‌ಗೆ 12 ವೋಲ್ಟ್‌ನ ಒಂದು ವಯರ್. ಅಷ್ಟೇ. ಒಮ್ಮೆ ಸ್ಟಾರ್ಟ್ ಆದರೆ ಆ ಒಂದು ವಯರ್ ಇರುವ ತನಕ ಓಡುತ್ತದೆ.

ಮಲ್ಟಿಜೆಟ್ ಕಾಮನ್ ರೈಲ್, ಅಂದರೆ ಒಂದೇ ಪೈಪಿನಲ್ಲಿ ಭಾರೀ ಒತ್ತಡದಲ್ಲಿರುವ ಡೀಸೆಲನ್ನು ಕಂಪ್ಯೂಟರ್ ಲೆಕ್ಕ ಹಾಕಿ ಬಿಡುತ್ತದೆ. ಕ್ರ್ಯಾಂಕ್ ಸೆನ್ಸರ್, ಕ್ಯಾಮ್ ಸೆನ್ಸರ್, ರೈಲ್ ಪ್ರೆಶರ್ ಸೆನ್ಸರ್, ಗಾಳಿ ಅಳೆಯುವ ಸೆನ್ಸರ್, ಕೂಲೆಂಟ್ ಸೆನ್ಸರ್, ಇಜಿಆರ್, ಬ್ರೇಕ್ ಸ್ವಿಚ್, ಕ್ಲಚ್ ಸ್ವಿಚ್. ಆಕ್ಸಿಲೇಟರ್‌ಗೆ ಕೇಬಲ್ ಇಲ್ಲ, ಪೆಡಲಲ್ಲೇ ಸೆನ್ಸರ್. ಇವೆಲ್ಲ ಇಸಿಯುಗೆ, ಅಂದರೆ ಎಂಜಿನ್‌ನ ಆ ಕಂಪ್ಯೂಟರ್‌ಗೆ, ಸರಿಯಾದ ಲೆಕ್ಕ ಕೊಡಬೇಕು. ಒಂದು ಮುಖ್ಯ ಸೆನ್ಸರ್ ಸುಳ್ಳು ಹೇಳಿದರೂ ಲಿಂಪ್ ಮೋಡ್, ಗಾಡಿ ಎಳೆಯುವುದೇ ಇಲ್ಲ.

ಅದಕ್ಕಿಂತ ದೊಡ್ಡ ತಲೆನೋವು ಇಮೊಬಿಲೈಸರ್. ಕೀ, ಇಮೊಬಿಲೈಸರ್ ಯೂನಿಟ್, ಇಸಿಯು ಮೂರೂ ಒಂದಕ್ಕೊಂದು ಗುರುತು ಹಿಡಿದರೆ ಮಾತ್ರ ಡೀಸೆಲ್ ಬಿಡುತ್ತದೆ. ಗುಜರಿಯಲ್ಲಿ ಕೀ ಕಳೆದುಹೋಗಿದ್ದರೆ ಆ ಎಂಜಿನ್ ಮುಟ್ಟಬೇಡಿ. ತರುವುದಾದರೆ ಕೀ, ಕೀ ಸುತ್ತ ಇರುವ ಕಾಯಿಲ್, ಇಸಿಯು, ಫ್ಯೂಸ್ ಬಾಕ್ಸ್, ಪೆಡಲ್, ಮೀಟರ್, ಪೂರ್ತಿ ವಯರಿಂಗ್ ಕಿಟ್ ಎಲ್ಲ ಒಂದೇ ಕಾರಿನದ್ದು ತನ್ನಿ. ಗುಜರಿಯವರು ಕಟರ್ ಹಿಡಿದು ಕಿಟ್ ಕಚಕ್ ಅಂತ ಕತ್ತರಿಸುತ್ತಾರೆ, ಎದುರು ನಿಂತು ಕನೆಕ್ಟರ್ ಬಿಚ್ಚಿಸಿಕೊಳ್ಳಿ. ಆ ಅರ್ಧ ದಿನ ಹೋದರೆ ಹೋಗಲಿ.

ಮತ್ತೆ ಸ್ಪೀಡೋಮೀಟರ್. ಝೆನ್‌ನದ್ದು ಕೇಬಲ್, ಸ್ವಿಫ್ಟ್ ಗೇರ್‌ಬಾಕ್ಸ್‌ನಲ್ಲಿ ಸೆನ್ಸರ್. ಹಾಗಾಗಿ ಸ್ವಿಫ್ಟ್‌ನ ಮೀಟರ್ ಝೆನ್‌ನ ಡ್ಯಾಶ್‌ಬೋರ್ಡ್‌ನಲ್ಲಿ ಕೂರಿಸುವ ಟಿಂಕರಿಂಗ್ ಬೇರೆ. ಗೇರ್ ಲಿವರ್ ಕೂಡ ಹಾಗೇ, ಝೆನ್‌ಗೆ ರಾಡ್, ಸ್ವಿಫ್ಟ್‌ಗೆ ಕೇಬಲ್.

ಮಣಿಪಾಲ್ ಹುಡುಗ

ಇಮೊಬಿಲೈಸರ್ ಸಾಫ್ಟ್‌ವೇರ್‌ನಲ್ಲೇ ತೆಗೆಸಬಹುದು ಅಲ್ವಾ? ರೀಮ್ಯಾಪ್ ಮಾಡುವವರು ಮಾಡುತ್ತಾರೆ.

ಸುರತ್ಕಲ್ ವಯರಿಂಗ್

ಮಾಡುತ್ತಾರೆ. ಅರ್ಧ ಜನ ಇಸಿಯು ಸುಟ್ಟು ವಾಪಸ್ ಕೊಡುತ್ತಾರೆ, ಉಳಿದರ್ಧ ಚೆನ್ನಾಗಿ ಮಾಡಿ ಕಾರಿನ ಬೆಲೆ ಕೇಳುತ್ತಾರೆ. ಕೀ ಸಮೇತ ಸಿಗುವ ಕಾರು ಹುಡುಕುವುದು ಸುಲಭ ತಮ್ಮಾ.

ಇನ್ನೊಂದು, ನಮ್ಮ ಊರಿನ ಮಳೆ. ಇಸಿಯುವನ್ನು ಕಾಲಿನ ಹತ್ತಿರ ಇಡಬೇಡಿ. ಝೆನ್‌ಗೆ ಮಳೆಗಾಲದಲ್ಲಿ ಕಾರ್ಪೆಟ್ ಒದ್ದೆ ಆಗದಿದ್ದರೆ ಅದು ಝೆನ್ನೇ ಅಲ್ಲ. ಅರ್ಥಿಂಗ್ ಪಟ್ಟಿ ಹೊಸದು ಹಾಕಿ, ಎಂಜಿನ್‌ನಿಂದ ಬಾಡಿಗೆ ಒಂದು, ಬ್ಯಾಟರಿಯಿಂದ ಬಾಡಿಗೆ ಒಂದು. ಉಪ್ಪು ಗಾಳಿಗೆ ಬಾಡಿ ಕಡೆಯ ಬೋಲ್ಟ್‌ನಡಿ ಹಸಿರು ಕಟ್ಟಿಕೊಂಡು ಕೂತಿರುತ್ತದೆ, ಆಮೇಲೆ ಸೆನ್ಸರ್ ಹಾಳು ಅಂತ ಒಂದೊಂದೇ ಬದಲಿಸುತ್ತಾ ಕೂರುತ್ತಾರೆ.

ಕಂಕನಾಡಿ ಪೇಪರ್

ಎಲ್ಲರೂ ಪಾನಾ ಹಿಡಿದು ಮಾತಾಡುತ್ತಿದ್ದೀರಿ, ನಾನು ಸ್ವಲ್ಪ ಪೇಪರ್ ಬಗ್ಗೆ ಹೇಳುತ್ತೇನೆ. ನಿಜಕ್ಕೂ ಈ ಕೆಲಸ ನಿಲ್ಲುವುದು ಇಲ್ಲಿ.

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ನೋಡಿ. ಕಂಪೆನಿ ಕೊಟ್ಟ ಮೂಲ ವಿವರಕ್ಕೂ ಆರ್‌ಸಿಯಲ್ಲಿ ಇರುವುದಕ್ಕೂ ವ್ಯತ್ಯಾಸ ಬರುವ ಹಾಗೆ ಗಾಡಿ ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಗಟ್ಟಿಯಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ 182ಎ ಬಂತು. ಅನುಮತಿ ಇಲ್ಲದೆ ಮಾಡಿದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ.

"ಮೊದಲಿನಿಂದಲೂ ಡೀಸೆಲ್ಲೇ" ಅಂತ ನೀವು ಹೇಳಿದ್ದರಲ್ಲಿ ಅರ್ಧ ಸತ್ಯ ಉಂಟು. ಪೆಟ್ರೋಲ್ ಕಾರಿಗೆ ಡೀಸೆಲ್ ಹಾಕುವುದಕ್ಕಿಂತ ನಿಮ್ಮದು ಒಂದು ಹೆಜ್ಜೆ ಹತ್ತಿರ. ಇಂಧನ ಬದಲಿಸಲು ಕಾಯ್ದೆ ಬಿಡುವುದು ಒಪ್ಪಿಗೆ ಪಡೆದ ಕಿಟ್ ಇದ್ದರೆ ಮಾತ್ರ, ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿ ಹೀಗೆ. ನಿಮಗೆ ಆ ಗೋಜಿಲ್ಲ. ಆದರೆ ಎಂಜಿನ್ ಬದಲಿಸುವಾಗ ಕೇಳುವುದು ಅದೇ ಮೇಕ್, ಅದೇ ಟೈಪ್ ಹೌದಾ ಅಂತ. ನಿಮ್ಮ ಆರ್‌ಸಿಯಲ್ಲಿ 1527 ಸಿಸಿ ಅಂತ ಉಂಟು, ಹಾಕುವುದು 1248 ಸಿಸಿ. ಎರಡೂ ಮಾರುತಿ ಕಾರಿನದ್ದೇ ಇರಬಹುದು, ಆದರೆ ಝೆನ್‌ಗೆ ಆ ಎಂಜಿನ್ ಕಂಪೆನಿ ಯಾವತ್ತೂ ಕೊಟ್ಟಿಲ್ಲ. ಇನ್‌ಸ್ಪೆಕ್ಟರ್ ಕೇಳುವ ಮೊದಲ ಪ್ರಶ್ನೆ ಅದೇ.

ಏನೇ ಇರಲಿ, ಮೊದಲು ಅರ್ಜಿ ಕೊಟ್ಟು ಲಿಖಿತ ಒಪ್ಪಿಗೆ ತಗೊಂಡು ಆಮೇಲೆ ಬೋಲ್ಟ್ ಬಿಚ್ಚಿ. "ಮೊದಲು ಹಾಕುವ, ಆಮೇಲೆ ನೋಡುವ, ಏಜೆಂಟರು ಮಾಡಿ ಕೊಡುತ್ತಾರೆ" ಅನ್ನುವವರ ಮಾತು ಕೇಳಬೇಡಿ. ಏಜೆಂಟ್ ಸಹಿ ಹಾಕುವುದಿಲ್ಲ, ಹಾಕುವುದು ನೀವು.

ಕಟಪಾಡಿ ಝೆನ್

ಕಂಕನಾಡಿಯವರೇ, ಅಷ್ಟು ಕಟ್ಟುನಿಟ್ಟು ಅಂತ ಗೊತ್ತಿರಲಿಲ್ಲ. ಊರಲ್ಲಿ ಎಂಜಿನ್ ಬದಲಿಸಿದ ಗಾಡಿಗಳು ಸುಮ್ನೆ ಓಡಾಡುತ್ತವಲ್ಲ?

ಕಂಕನಾಡಿ ಪೇಪರ್

ಓಡಾಡುತ್ತವೆ. ಹೆಜಮಾಡಿ ಟೋಲ್‌ನಲ್ಲಿ ಯಾರೂ ಬಾನೆಟ್ ಎತ್ತಿ ನೋಡುವುದಿಲ್ಲ. ನೋಡುವುದು ಎರಡೇ ಸಲ.

ಒಂದು, ಆರ್‌ಸಿ ರಿನ್ಯೂ ಮಾಡುವಾಗ. 15 ವರ್ಷ ಆದ ಕಾರಿಗೆ 5 ವರ್ಷಕ್ಕೊಮ್ಮೆ ಗಾಡಿ ತೋರಿಸಲೇಬೇಕು, ಎಂಜಿನ್ ನಂಬರ್ ತಾಳೆ ಆಗಬೇಕು. 20 ವರ್ಷ ದಾಟಿದ ಕಾರಿನ ರಿನ್ಯೂವಲ್ ಶುಲ್ಕ 2025ರಲ್ಲಿ 10,000 ರೂಪಾಯಿಗೆ ಏರಿಸಿದ್ದಾರೆ, ಜೊತೆಗೆ ಗ್ರೀನ್ ಟ್ಯಾಕ್ಸ್. ಅಷ್ಟು ಕಟ್ಟಿ ನಂಬರ್ ತಾಳೆ ಆಗಲಿಲ್ಲ ಅಂದರೆ ಗಾಡಿ ಅಲ್ಲೇ ನಿಂತಿತು.

ಎರಡು, ಅಪಘಾತ ಆದಾಗ. ಇದನ್ನು ಯಾರೂ ಯೋಚನೆ ಮಾಡುವುದಿಲ್ಲ. ಎನ್‌ಎಚ್ 66ರಲ್ಲಿ ಪಡುಬಿದ್ರಿ ಹತ್ತಿರ ಯಾರೋ ಬೈಕಿನವರು ಅಡ್ಡ ಬಂದರು ಅಂತ ಇಟ್ಟುಕೊಳ್ಳಿ, ತಪ್ಪು ನಿಮ್ಮದಲ್ಲದಿರಬಹುದು. ಸರ್ವೇಯರ್ ಬಂದು ಎಂಜಿನ್ ನಂಬರ್ ಓದುತ್ತಾರೆ. ಪಾಲಿಸಿಯಲ್ಲಿ ಬೇರೆ ನಂಬರ್ ಇದ್ದರೆ ನಿಮ್ಮ ಕಾರಿನ ಕ್ಲೇಮ್ ತಳ್ಳಿಹಾಕಲು ಅವರಿಗೆ ಅದೇ ಸಾಕು. ಆ ಬೈಕಿನವರಿಗೆ ಕೋರ್ಟ್ ಹೇಳಿದ ಪರಿಹಾರ ಕಂಪೆನಿ ಕೊಟ್ಟರೂ ಆಮೇಲೆ ನಿಮ್ಮಿಂದ ವಸೂಲಿಗೆ ಬರಬಹುದು. ಆ ಮೊತ್ತ ಲಕ್ಷಗಳಲ್ಲಿ ಇರುತ್ತದೆ ಮಾರಾಯ್ರೆ, ಎಂಜಿನ್ ರೇಟ್ ಅಲ್ಲ.

ಗುಜರಿ ಎಂಜಿನ್‌ನದ್ದೂ ಒಂದು ಕಥೆ ಉಂಟು. ಬಿಲ್ ಬೇಕು, ಯಾವ ಕಾರಿನದ್ದು ಅಂತ ಗೊತ್ತಾಗಬೇಕು, ಆ ಕಾರಿನ ಆರ್‌ಸಿ ರದ್ದಾದ ದಾಖಲೆ ಬೇಕು. ಕದ್ದ ಕಾರಿನ ಎಂಜಿನ್ ಆಗಿದ್ದರೆ ಸ್ಟೇಶನ್ ಮೆಟ್ಟಿಲು ನೀವೇ ಹತ್ತಬೇಕು.

ಕಾರ್ಕಳ ಘಾಟಿ

ನಾನು ಮೊದಲ ಸ್ವಿಫ್ಟ್ ಡೀಸೆಲ್ ವರ್ಷಗಟ್ಟಲೆ ಓಡಿಸಿದವ. ಇಲ್ಲಿ ಎಲ್ಲರೂ ಅದನ್ನು ಹೊಗಳುತ್ತಿದ್ದೀರಿ, ಘಾಟಿಯಲ್ಲಿ ಅದರ ಇನ್ನೊಂದು ಮುಖವೂ ಉಂಟು. 2000 ಆರ್‌ಪಿಎಂ ಕೆಳಗೆ ಅದು ಮಲಗಿರುತ್ತದೆ. ಆಗುಂಬೆ ತಿರುವಲ್ಲಿ ಎದುರಿಂದ ಬಸ್ ಬಂತು, ನೀವು ನಿಂತಿರಿ, ಮತ್ತೆ ಎತ್ತಬೇಕು ಅಂದರೆ ಫಸ್ಟ್ ಗೇರಲ್ಲಿ ಚೆನ್ನಾಗಿ ರೈಸ್ ಮಾಡಿ ಕ್ಲಚ್ ಸ್ವಲ್ಪ ತಿನ್ನಿಸಬೇಕು. ಟರ್ಬೋ ಎದ್ದ ಮೇಲೆ ಜಗ್ಗಿ ಎಳೆಯುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಜಗ್ಗುವುದು ಝೆನ್‌ನ ಸಣ್ಣ ಚಕ್ರಕ್ಕೆ, ಪವರ್ ಇಲ್ಲದ ಸ್ಟೇರಿಂಗ್‌ಗೆ, ಒದ್ದೆ ರಸ್ತೆಯಲ್ಲಿ ಬಂದರೆ? ಸ್ಟೇರಿಂಗ್ ಕೈಯಿಂದ ಕಿತ್ತುಕೊಳ್ಳುತ್ತದೆ. ಇಳಿಯುವಾಗ ಬ್ರೇಕ್ ಬೇರೆ, ಝೆನ್‌ನ ಡಿಸ್ಕ್ ಎಷ್ಟು ಚಿಕ್ಕದು ಅಂತ ಚಕ್ರ ಬಿಚ್ಚಿ ನೋಡಿದವರಿಗೆ ಗೊತ್ತು.

ನಿಜವಾಗಿ ಈ ಎಂಜಿನ್ ಸಲೀಸಾಗಿ ಹೋಗುವುದು ಎಲ್ಲಿ ಅಂದರೆ 2005–06ರ ಪೆಟ್ರೋಲ್ ಸ್ವಿಫ್ಟ್‌ಗೆ. ಅದೇ ಬಾಡಿಗೆ 2007ರಲ್ಲಿ ಕಂಪೆನಿಯೇ ಡೀಸೆಲ್ ಹಾಕಿ ಮಾರಿತು, ಫೌಂಡೇಶನ್, ಆಕ್ಸಲ್, ರೇಡಿಯೇಟರ್, ಮೀಟರ್ ಎಲ್ಲ ರೆಡಿ ಸಿಗುತ್ತದೆ. ಆದರೆ ಕಂಕನಾಡಿಯವರು ಹೇಳಿದ ಹಾಗೆ ಅಲ್ಲಿ ಪೆಟ್ರೋಲ್‌ನಿಂದ ಡೀಸೆಲ್, ಪೇಪರ್ ಆಗುವುದಿಲ್ಲ. ಕೂರುವ ಕಡೆ ಕಾನೂನು ಬಿಡುವುದಿಲ್ಲ, ಇಂಧನ ಅದೇ ಇರುವ ಕಡೆ ಎಂಜಿನ್ ಕೂರುವುದಿಲ್ಲ. ಅದಕ್ಕೆ ಸೆಕೆಂಡ್‌ಹ್ಯಾಂಡ್ ಸ್ವಿಫ್ಟ್ ಡೀಸೆಲ್ಲೇ ತಗೊಂಡು ಬಿಡಿ ಅಂತ ನನ್ನ ಸಲಹೆ. ಮಾರುತಿ 2020ರ ಏಪ್ರಿಲ್‌ನಲ್ಲಿ ಬಿಎಸ್6 ಹೊಗೆ ನಿಯಮ ಬಂದಾಗ ಡೀಸೆಲ್ ನಿಲ್ಲಿಸಿತು, ಅಲ್ಲಿಯವರೆಗಿನ ಒಳ್ಳೆ ಕಾರುಗಳು ಈಗಲೂ ಸಿಗುತ್ತವೆ.

ಕಟಪಾಡಿ ಝೆನ್

ಸ್ವಿಫ್ಟ್ ತಗೊಳ್ಳಬಹುದು. ಆದರೆ ಝೆನ್ ಮಾರಿದರೆ ಅಮ್ಮ ಊಟ ಹಾಕುವುದಿಲ್ಲ.

ಪುತ್ತೂರು ಅಡಿಕೆ

ಹಾಗಾದರೆ ಸೆಕ್ಷನ್ 52ಕ್ಕಿಂತ ದೊಡ್ಡ ಕಾನೂನು ಮನೆಯಲ್ಲೇ ಉಂಟು.

ಮಲ್ಪೆ ಡೀಸೆಲ್

ಮೇಲಿನದ್ದೆಲ್ಲ ಓದಿದೆ. ಒಂದು ಪ್ರಶ್ನೆ ಯಾರೂ ಕೇಳಲಿಲ್ಲವಲ್ಲ. ಆ ಎಂಜಿನ್ ನಿಜವಾಗಿ ಸತ್ತಿದೆ ಅಂತ ಯಾರು ಹೇಳಿದ್ದು? ಕಂಪ್ರೆಶನ್ ಗೇಜ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯುವ ಮೀಟರ್) ಹಾಕಿ ನೋಡಿದ್ದಾರಾ, ಕಿವಿಯಲ್ಲಿ ಕೇಳಿ ಹೇಳಿದ್ದಾರಾ?

ನಾನು ಬೋಟ್ ಎಂಜಿನ್ ಕೆಲಸದವ. ನಮ್ಮ ಕಡೆ ಎಂಜಿನ್ ಕೆಟ್ಟಿತು ಅಂತ ನಡುಸಮುದ್ರದಲ್ಲಿ ಬೇರೆ ಎಂಜಿನ್ ಹಾಕಲಿಕ್ಕೆ ಆಗುವುದಿಲ್ಲ, ಇದ್ದದ್ದನ್ನೇ ಓಡಿಸಬೇಕು. ನೀವು ಹೇಳಿದ ಲಕ್ಷಣದಲ್ಲಿ ಮೂರು ಬೇರೆ ಬೇರೆ ಕಾಯಿಲೆ ಉಂಟು. ಗ್ಯಾರೇಜಿನವರು ಮೂರನ್ನೂ ಒಟ್ಟು ಮಾಡಿ ಒಂದೇ ಹೆಣ ಮಾಡಿದ್ದಾರೆ.

ಬೆಳಿಗ್ಗೆ ಸ್ಟಾರ್ಟ್ ಆಗದ್ದು ಮೊದಲು. ಪಿಯುಜೊ ಎಂಜಿನ್‌ನಲ್ಲಿ ಡೀಸೆಲ್ ನೇರ ಪಿಸ್ಟನ್ ಮೇಲೆ ಬೀಳುವುದಿಲ್ಲ, ಎಂಜಿನ್‌ನ ಮೇಲ್ಭಾಗ, ಅಂದರೆ ಹೆಡ್‌ನೊಳಗೆ ಒಂದು ಸಣ್ಣ ಗೂಡು ಉಂಟು, ಅಲ್ಲಿ ಬೀಳುತ್ತದೆ. ಒತ್ತಿದ ಗಾಳಿಯ ಬಿಸಿಯನ್ನು ತಣ್ಣಗಿನ ಆ ಗೂಡಿನ ಗೋಡೆಯೇ ಎಳೆದುಕೊಳ್ಳುತ್ತದೆ. ಅದಕ್ಕೇ ನಮ್ಮ ಸೆಖೆಯ ಊರಲ್ಲೂ ಅದಕ್ಕೆ ಹೀಟರ್ ಪ್ಲಗ್ ಬೇಕೇ ಬೇಕು. ಕಾಮನ್ ರೈಲ್‌ಗೆ ಇಲ್ಲಿ ಪ್ಲಗ್ ಕೆಟ್ಟರೂ ಗೊತ್ತೇ ಆಗುವುದಿಲ್ಲ, ಇದಕ್ಕೆ ಎರಡು ಪ್ಲಗ್ ಹೋದರೂ ಬೆಳಿಗ್ಗೆ ಹಠ. ಪರೀಕ್ಷೆ ಸುಲಭ. ಪ್ಲಗ್‌ಗಳ ಮೇಲಿನ ಪಟ್ಟಿ ಬಿಚ್ಚಿ. ಟೆಸ್ಟ್ ಲ್ಯಾಂಪ್‌ನ ಕ್ಲಿಪ್ ಬ್ಯಾಟರಿ ಪ್ಲಸ್‌ಗೆ ಹಾಕಿ, ಮೊನೆಯನ್ನು ಒಂದೊಂದೇ ಪ್ಲಗ್ ತಲೆಗೆ ಮುಟ್ಟಿಸಿ. ಉರಿದರೆ ಪ್ಲಗ್ ಜೀವಂತ, ಉರಿಯದಿದ್ದರೆ ಸತ್ತಿದೆ.

ಅದರ ಜೊತೆ ಪಂಪಿಗೆ ಬರುವ ರಬ್ಬರ್ ಪೈಪ್. ಹಳತಾದರೆ ಬಿರುಕಿನಲ್ಲಿ ರಾತ್ರಿಯಿಡೀ ಗಾಳಿ ಎಳೆದುಕೊಂಡು ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿಯುತ್ತದೆ. ಪಂಪಿನ ಹತ್ತಿರ ಗೇಣುದ್ದ ಪಾರದರ್ಶಕ ಪೈಪ್ ಹಾಕಿ ಸೆಲ್ಫ್ ಹೊಡೆಯಿರಿ. ಗುಳ್ಳೆ ಓಡುವುದು ಕಣ್ಣಿಗೆ ಕಾಣುತ್ತದೆ.

ಹೊಗೆ. ಬಿಳಿ ಹೊಗೆಗೆ ಮೂಗು ಹಿಡಿಯಿರಿ. ಕಣ್ಣು ಉರಿಯುವ ಡೀಸೆಲ್ ವಾಸನೆ ಬಂದರೆ ಸುಡದ ಡೀಸೆಲ್, ಅಂದರೆ ಪ್ಲಗ್ ಅಥವಾ ಡೀಸೆಲ್ ಚಿಮ್ಮಿಸುವ ನಾಝಲ್. ಸಿಹಿ ವಾಸನೆ ಬಂದರೆ ಕೂಲೆಂಟ್ ಒಳಗೆ ಹೋಗುತ್ತಿದೆ. ನೆಲದಲ್ಲಿ ಹನಿ ಇಲ್ಲದೆ ಕೂಲೆಂಟ್ ಕಮ್ಮಿ ಆಗುವುದಕ್ಕೆ ನನ್ನ ಅನುಮಾನ ಹೆಡ್ ಗ್ಯಾಸ್ಕೆಟ್, ಅಂದರೆ ಹೆಡ್‌ಗೂ ಬ್ಲಾಕ್‌ಗೂ ನಡುವಿನ ಹಾಳೆ. ಎಂಜಿನ್ ತಣ್ಣಗಿರುವಾಗ ಮಾತ್ರ ರೇಡಿಯೇಟರ್ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿಸಿ, ಬಿಡದೆ ಗುಳ್ಳೆ ಬಂದರೆ ಅದೇ. ಬಿಸಿ ಇರುವಾಗ ತೆಗೆಯಬೇಡಿ, ಮುಖ ಸುಡುತ್ತದೆ.

ಬ್ಯಾಕ್ ಕಂಪ್ರೆಶನ್, ಅಂದರೆ ಆಯಿಲ್ ಮುಚ್ಚಳದಿಂದ ಬರುವ ಆ ಹೊಗೆ, ಕೊನೆಯದು. ಇಷ್ಟು ಓಡಿದ ಡೀಸೆಲ್‌ನಲ್ಲಿ ಆಯಿಲ್ ಮುಚ್ಚಳದಲ್ಲಿ ಸ್ವಲ್ಪ ಹೊಗೆ ಬಂದೇ ಬರುತ್ತದೆ. ಎಂಜಿನ್ ಬಿಸಿ ಮಾಡಿ, ಮುಚ್ಚಳ ಬಿಚ್ಚಿ ಸುಮ್ನೆ ಮೇಲಿಡಿ. ಕೂತಲ್ಲೇ ನಡುಗಿದರೆ ಚಿಂತೆ ಇಲ್ಲ. ಎಗರಿ ಬಿದ್ದರೆ ರಿಂಗ್ ಹೋಗಿದೆ. ಏನೇ ಆದರೂ ಡೀಸೆಲ್ ಗೇಜ್ ಹಾಕಿಸಿ ನಾಲ್ಕೂ ಸಿಲಿಂಡರ್ ಬರೆದುಕೊಳ್ಳಿ. ನಾಲ್ಕೂ ಹೆಚ್ಚುಕಮ್ಮಿ ಒಂದೇ ಸಮ ಇದ್ದರೆ ಆ ಎಂಜಿನ್‌ಗೆ ಇನ್ನೂ ಆಯುಷ್ಯ ಉಂಟು.

ಯೆಯ್ಯಾಡಿ ಲೇತ್

ಮಲ್ಪೆಯವರು ಹೇಳಿದ್ದು ನೂರಕ್ಕೆ ನೂರು. ಹೆಡ್ ಬಿಚ್ಚಿದರೆ ಸ್ಟ್ರೈಟ್ ಎಡ್ಜ್ ಇಟ್ಟು ಚೆಕ್ ಮಾಡದೆ ಹೊಸ ಗ್ಯಾಸ್ಕೆಟ್ ಹಾಕಿಸಬೇಡಿ. ಬಾಗಿದ್ದರೆ ಫೇಸಿಂಗ್ (ಮೇಲ್ಮೈ ತುರಿದು ಸಮ ಮಾಡುವುದು) ಮಾಡಿ ಕೊಡುತ್ತೇವೆ. ಆದರೆ ಜಾಸ್ತಿ ತೆಗೆಯುವ ಹಾಗಿಲ್ಲ, ಡೀಸೆಲ್‌ನಲ್ಲಿ ಪಿಸ್ಟನ್‌ಗೂ ವಾಲ್ವ್‌ಗೂ ನಡುವೆ ಜಾಗ ಇರುವುದಿಲ್ಲ. ಹೆಡ್ ಬಿಚ್ಚಿದಾಗಲೇ ಟೈಮಿಂಗ್ ಬೆಲ್ಟ್ ಮತ್ತು ಟೆನ್ಶನರ್ ಹೊಸದು ಹಾಕಿಸಿ. ಪಿಯುಜೊದ್ದು ಬೆಲ್ಟ್, ಮಲ್ಟಿಜೆಟ್‌ನ ಹಾಗೆ ಚೈನ್ ಅಲ್ಲ. ಬೆಲ್ಟ್ ಕಡಿದರೆ ಅವತ್ತು ನಿಜವಾಗಿಯೂ ಮುಗಿದ ಕಥೆ.

ಮಣಿಪಾಲ್ ಹುಡುಗ

ಪಾರ್ಟ್ಸ್ ಸಿಗುವುದಿಲ್ಲ ಅಂತ ಗ್ಯಾರೇಜಿನವರು ಹೇಳಿದ್ದು ನಿಜ ಅಲ್ವಾ? ಆ ಎಂಜಿನ್ ನಿಂತು ಎಷ್ಟು ವರ್ಷ ಆಯಿತು.

ಮಲ್ಪೆ ಡೀಸೆಲ್

ಝೆನ್ ಡೀಸೆಲ್ ಅಂತ ಕೇಳಿದರೆ ಅಂಗಡಿಯವ ಇಲ್ಲ ಅನ್ನುತ್ತಾನೆ. ಎಂಜಿನ್ ಹೆಸರು ಟಿಯುಡಿ5. ಎಸ್ಟೀಮ್ ಡೀಸೆಲ್‌ಗೂ ಅದೇ, ಇಲ್ಲಿ ಬಂದಿದ್ದ ಪಿಯುಜೊ 309 ಡೀಸೆಲ್‌ಗೂ ಅದೇ. ಹೊರದೇಶದಲ್ಲಿ ಪಿಯುಜೊ 106, ಸಿಟ್ರೊಯೆನ್ ಸ್ಯಾಕ್ಸೊ, ಹಳೇ ನಿಸಾನ್ ಮೈಕ್ರಾಗೂ ಹಾಕಿದ್ದರು. ಗ್ಯಾಸ್ಕೆಟ್, ರಿಂಗ್, ಬೆಲ್ಟ್ ಆ ಹೆಸರಲ್ಲಿ ಹುಡುಕಿ, ತರಿಸಬಹುದು. ಪಂಪ್ ಮತ್ತು ನಾಝಲ್ ಬದಲಿಸುವುದೇ ಬೇಡ, ಪಂಪ್ ಕ್ಯಾಲಿಬ್ರೇಶನ್ ಮಾಡುವ ಹಳೇ ಅಂಗಡಿ ಮಂಗಳೂರಲ್ಲಿ ಇನ್ನೂ ಉಂಟು. ಬೋಟಿನವರು ಇರುವ ತನಕ ಆ ಕೆಲಸ ಗೊತ್ತಿರುವವರೂ ಇರುತ್ತಾರೆ.

ಕಟಪಾಡಿ ಝೆನ್

ಎಲ್ಲ ಪರೀಕ್ಷೆ ಮಾಡಿಸಿದೆ. ಮಲ್ಪೆ ಅಣ್ಣಾ, ನಿಮ್ಮ ಕೈಗೆ ದೊಡ್ಡ ನಮಸ್ಕಾರ.

ಟೆಸ್ಟ್ ಲ್ಯಾಂಪ್ ಎರಡು ಪ್ಲಗ್‌ನಲ್ಲಿ ಉರಿಯಲಿಲ್ಲ. ಪಾರದರ್ಶಕ ಪೈಪಿನಲ್ಲಿ ಗುಳ್ಳೆ ಸಾಲಾಗಿ ಓಡಿತು, ಫಿಲ್ಟರ್‌ನಿಂದ ಪಂಪಿಗೆ ಬರುವ ರಬ್ಬರ್ ಪೈಪ್ ಬಗ್ಗಿಸಿದರೆ ಬಿರುಕು ಬಾಯಿ ತೆರೆಯುತ್ತದೆ. ರೇಡಿಯೇಟರ್‌ನಲ್ಲೂ ಗುಳ್ಳೆ ಉಂಟು, ಹಾಗಾಗಿ ಗ್ಯಾಸ್ಕೆಟ್ ಗ್ಯಾರಂಟಿ. ಆದರೆ ಆಯಿಲ್ ಮುಚ್ಚಳ ಎಗರಲಿಲ್ಲ, ಸ್ವಲ್ಪ ನಡುಗಿತು ಅಷ್ಟೇ. ಕಂಪ್ರೆಶನ್ ಮೂರು ಸಿಲಿಂಡರಲ್ಲಿ ಸಮ, ಒಂದರಲ್ಲಿ ಕಮ್ಮಿ. ಗ್ಯಾಸ್ಕೆಟ್ ಅಲ್ಲೇ ಹೋಗಿರಬಹುದು ಅಂದರು ಗೇಜ್ ಹಾಕಿದವರು. ಬ್ಯಾಟರಿ ಟ್ರೇ ಅಡಿಯಲ್ಲಿ ಸ್ಕ್ರೂಡ್ರೈವರ್ ಒಂದು ಕಡೆ ಒಳಗೆ ಹೋಯಿತು ಲೇತ್ ಅಣ್ಣಾ, ನೀವು ಹೇಳಿದ ಹಾಗೇ ಕಂದು ಪುಡಿ. ಸ್ವಿಫ್ಟ್ ಎಂಜಿನ್ ಆಸೆ ಅಲ್ಲಿಗೇ ಬಿಟ್ಟೆ. ಹೆಡ್ ಕೆಲಸ ಮಾಡಿಸುತ್ತೇನೆ.

ಮಣಿಪಾಲ್ ಹುಡುಗ

ಛೇ, ನೋಡಬೇಕು ಅಂತ ಇತ್ತು. ನಾವು ಹುಡುಗರು ಯಾವುದಾದರೂ ರದ್ದಾದ ಝೆನ್ ಬಾಡಿ ತಂದು ಕಾಂಪೌಂಡ್ ಒಳಗೆ ಮಾಡಿ ನೋಡುತ್ತೇವೆ, ರಸ್ತೆಗೆ ಇಳಿಸುವುದಿಲ್ಲ. ಲೇತ್ ಅಣ್ಣಾ, ಆಕ್ಸಲ್ ಮಾಡಿ ಕೊಡುತ್ತೀರಾ?

ಯೆಯ್ಯಾಡಿ ಲೇತ್

ಬನ್ನಿ. ಅಡ್ವಾನ್ಸ್ ಹಿಡಿದುಕೊಂಡು ಬನ್ನಿ.

ಕಾರ್ಕಳ ಘಾಟಿ

ಕಟಪಾಡಿಯವರೇ, ಬಜಗೋಳಿ ಹತ್ತಿರ ಒಂದು ತೋಟದ ಶೆಡ್ಡಲ್ಲಿ ಝೆನ್ ಡೀಸೆಲ್ ನಿಂತಿದೆ, ಮೇಲೆ ಅಡಿಕೆ ಗೋಣಿ ಒಟ್ಟಿದ್ದಾರೆ. ಬಾಡಿ ಪೂರ್ತಿ ಹೋಗಿದೆ. ನಿಲ್ಲಿಸುವಾಗ ಎಂಜಿನ್ ಚೆನ್ನಾಗಿತ್ತು ಅನ್ನುತ್ತಾರೆ. ಕೇಳಿ ನೋಡಲಾ? ಎಂಜಿನ್ ಪೂರ್ತಿ ಎತ್ತಿ ಹಾಕಿದರೆ ಹೇಗೆ, ಅದೇ ಮೇಕ್ ಅದೇ ಟೈಪ್ ಅಲ್ವಾ?

ಕಂಕನಾಡಿ ಪೇಪರ್

ಅದು ಆಗುವ ಕೆಲಸ. ಆದರೆ ಅದಕ್ಕೂ ಅರ್ಜಿ, ಒಪ್ಪಿಗೆ, ಹೊಸ ಎಂಜಿನ್ ನಂಬರ್ ಆರ್‌ಸಿಯಲ್ಲಿ ಬರೆಸುವುದು, ಪಾಲಿಸಿಯಲ್ಲಿ ಬದಲಿಸುವುದು ಎಲ್ಲ ಉಂಟು. ಆ ಕಾರಿನ ಪೇಪರ್ ಕೂಡ ಬೇಕು, ತೋಟದವರ ಹೆಸರಲ್ಲೇ ಇದೆಯಾ ನೋಡಿ. ಬ್ಲಾಕ್ ನಿಮ್ಮದೇ ಇಟ್ಟುಕೊಂಡು ಹೆಡ್, ಪಂಪ್, ನಾಝಲ್ ಮಾತ್ರ ತಂದರೆ ಈ ರಗಳೆ ಯಾವುದೂ ಇಲ್ಲ. ನಂಬರ್ ಇರುವುದು ಬ್ಲಾಕ್ ಮೇಲೆ.

ಕಟಪಾಡಿ ಝೆನ್

ಹಾಗಾದರೆ ಬ್ಲಾಕ್ ನನ್ನದೇ ಇರಲಿ. ಕಾರ್ಕಳದವರೇ, ಕೇಳಿ ನೋಡಿ. ರೇಟ್ ಮೊದಲೇ ಮಾತಾಡಬೇಡಿ, ಭಾನುವಾರ ನಾನೇ ಬರುತ್ತೇನೆ. ಮಲ್ಪೆ ಅಣ್ಣಾ, ನಿಮಗೆ ಪುರುಸೊತ್ತಿದ್ದರೆ ಜೊತೆಗೆ ಬನ್ನಿ, ನೀವು ನೋಡಿ ಹೂಂ ಅಂದರೆ ಮಾತ್ರ ಬಿಚ್ಚಿಸುವುದು.

ಮಲ್ಪೆ ಡೀಸೆಲ್

ಬರುತ್ತೇನೆ. ಗೇಜ್ ನಾನು ತರುತ್ತೇನೆ, ಚಾರ್ಜ್ ಆದ ಬ್ಯಾಟರಿ ನೀವು ತನ್ನಿ.